ಯೂ ಸುಂಗ್‌ಜುನ್ ಕಮ್‌ಬ್ಯಾಕ್ ಯಾಕೆ ಆಗಲೇ ಇಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆ-ಪಾಪ್, ಅಂದರೆ ಕೊರಿಯಾದ ಪಾಪ್ ಸಂಗೀತದ ಬಗ್ಗೆ ಏನೇ ಬರೆದರೂ, ಯಾರ ಜೊತೆ ಮಾತಾಡಿದರೂ, ಸುತ್ತಿ ಬಳಸಿ ಗಾಯಕ ಯೂ ಸುಂಗ್‌ಜುನ್ ಹೆಸರು ಬಂದೇ ಬರುತ್ತದೆ. ಬಿಟಿಎಸ್ ತಂಡದ ಹುಡುಗರು ಸೇನೆಗೆ ಹೋದ ಮೇಲಂತೂ ಇನ್ನೂ ಜಾಸ್ತಿ. ಮಾತಿನ ನಡುವೆ, ಕಾಗದಗಳಲ್ಲಿ, ಕಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಕಥೆ ಮೊದಲೇ ಗೊತ್ತಿದ್ದವರು ಸೀದಾ ಕೋರ್ಟಿನ ಭಾಗಕ್ಕೆ ಹೋಗಿ, ನಿಜವಾದ ಸ್ವಾರಸ್ಯ ಇರುವುದು ಅಲ್ಲಿ.

## ಏನೂ ಗೊತ್ತಿಲ್ಲದವರಿಗೆ

ಯಾರಿದು ಯೂ ಸುಂಗ್‌ಜುನ್? ನಾವು ಬಿಟಿಎಸ್, ಬ್ಲ್ಯಾಕ್‌ಪಿಂಕ್ ಕೇಳಿ ಬೆಳೆದವರು, ಈ ಹೆಸರೇ ಕೇಳಿಲ್ಲ

ಕೇಳಿರಲಿಕ್ಕಿಲ್ಲ. ಈ ಮನುಷ್ಯನ ಕಾಲ ಮುಗಿದಾಗ ನಿಮ್ಮಲ್ಲಿ ಎಷ್ಟೋ ಜನ ಹುಟ್ಟಿರಲೇ ಇಲ್ಲ. 1976ರ ಡಿಸೆಂಬರ್‌ನಲ್ಲಿ ಸೋಲ್‌ನಲ್ಲಿ ಹುಟ್ಟಿದವರು. 13ನೇ ವಯಸ್ಸಿಗೆ ಮನೆಯವರ ಜೊತೆ ಅಮೆರಿಕಕ್ಕೆ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದರು. 1997ರಲ್ಲಿ ಕೊರಿಯಾಕ್ಕೆ ಬಂದು 'ಗಾವಿ' ಅನ್ನುವ ಹಾಡಿನಿಂದ ಶುರು ಮಾಡಿದರು, ಆಗ ಇಪ್ಪತ್ತು ವರ್ಷ. ಮರುವರ್ಷ 'ನಾ ನಾ ನಾ', 1999ರಲ್ಲಿ 'ಯೋಲ್‌ಜೋಂಗ್'. ಸಾಲು ಸಾಲು ಹಿಟ್. ಅಮೆರಿಕದಲ್ಲಿ ಕಲಿತ ಡ್ಯಾನ್ಸು, ಕಟ್ಟುಮಸ್ತಾದ ಮೈ, ಒಬ್ಬರೇ ನಿಂತು ಇಡೀ ವೇದಿಕೆ ತುಂಬಿಸುವ ಛಾತಿ. ಈಗಿನ ಹಾಗೆ ಏಳು ಜನ, ಒಂಬತ್ತು ಜನರ ತಂಡ ಬೇಕಿರಲಿಲ್ಲ.

ಹಾಡಿಗಿಂತ ಜಾಸ್ತಿ ಕೆಲಸ ಮಾಡಿದ್ದು ಅವರ ಹೆಸರು. ದೈವಭಕ್ತ, ಶಿಸ್ತಿನ ಹುಡುಗ, ಹಿರಿಯರಿಗೆ ತಲೆಬಾಗುವವನು. ಪತ್ರಿಕೆಗಳು 'ಸುಂದರ ಯುವಕ' ಅಂತಲೇ ಬಿರುದು ಕೊಟ್ಟಿದ್ದವು. ಮುಖಕ್ಕಲ್ಲ, ನಡತೆಗೆ ಕೊಟ್ಟ ಬಿರುದು ಅದು. ಅಪ್ಪ ಅಮ್ಮಂದಿರೂ ಒಪ್ಪುವ ಪಾಪ್ ಸ್ಟಾರ್. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಸಿಟ್ಟಿನ ಬೇರು ಇಲ್ಲೇ ಇದೆ.

ಅಷ್ಟಕ್ಕೂ ಮಾಡಿದ ತಪ್ಪೇನು? ಡ್ರಗ್ಸ್ ಕೇಸಾ?

ಅಲ್ಲ. ಡ್ರಗ್ಸ್ ಇಲ್ಲ, ಹಲ್ಲೆ ಇಲ್ಲ, ಹೆಣ್ಣುಮಕ್ಕಳ ವಿಷಯದಲ್ಲಿ ಯಾವ ಕೇಸೂ ಇಲ್ಲ. ಸೇನಾ ಸೇವೆ ಮಾಡುತ್ತೇನೆ ಅಂತ ಟಿವಿಯಲ್ಲಿ ಎಲ್ಲರೆದುರು ಹೇಳಿ, ಕರೆ ಬಂದ ಮೇಲೆ 2002ರ ಜನವರಿಯಲ್ಲಿ ಹೊರದೇಶಕ್ಕೆ ಹೋಗಿ ಅಮೆರಿಕದ ಪ್ರಜೆಯಾಗಿಬಿಟ್ಟರು. ಅಷ್ಟೇ. ಆ ವರ್ಷದ ಫೆಬ್ರವರಿಯಿಂದ ಇವತ್ತಿನವರೆಗೆ, ಮೂರೇ ದಿನ ಬಿಟ್ಟರೆ, ಅವರಿಗೆ ಕೊರಿಯಾದ ನೆಲ ಮೆಟ್ಟಲು ಬಿಟ್ಟಿಲ್ಲ. ಗಾಯಕನ ಕಮ್‌ಬ್ಯಾಕ್ ಹಗರಣದಿಂದ ಹಾಳಾಗುವುದು ಹೊಸದಲ್ಲ. ಇಪ್ಪತ್ತು ವರ್ಷ ದಾಟಿಯೂ ಹಗರಣ ಆರದೇ ಇರುವುದು ಮಾತ್ರ ನಾನು ಬೇರೆಲ್ಲೂ ನೋಡಿಲ್ಲ.

ಕೊರಿಯಾದಲ್ಲಿ ಎಲ್ಲ ಹುಡುಗರೂ ಮಿಲಿಟರಿಗೆ ಹೋಗಲೇಬೇಕಾ?

ಆರೋಗ್ಯ ಸರಿಯಿದ್ದ ಗಂಡು ಮಕ್ಕಳೆಲ್ಲ ಹೋಗಲೇಬೇಕು. ಉತ್ತರ ಕೊರಿಯಾ ಜೊತೆಗಿನ ಯುದ್ಧ 1953ರಲ್ಲಿ ನಿಂತಿದ್ದು ಕದನವಿರಾಮದಿಂದ, ಶಾಂತಿ ಒಪ್ಪಂದದಿಂದಲ್ಲ. ಹಾಗಾಗಿ ಕಡ್ಡಾಯ ಸೇವೆ ಈಗಲೂ ಇದೆ. ಈಗ ಭೂಸೇನೆಯಲ್ಲಿ 18 ತಿಂಗಳು. ಯೂ ಅವರ ಕಾಲದಲ್ಲಿ 26 ತಿಂಗಳು ಇತ್ತು. ಮೈಯಲ್ಲಿ ತೊಂದರೆ ಇದ್ದವರಿಗೆ ಬಂದೂಕಿನ ಬದಲು ಸರ್ಕಾರಿ ಕಚೇರಿ, ಸ್ಟೇಷನ್‌ನಂಥ ಕಡೆ ಕೆಲಸ ಕೊಡುತ್ತಾರೆ.

ನಮಗೆ ಇದರ ಬಿಸಿ ಗೊತ್ತಾಗುವುದು ಕಷ್ಟ. ನಮ್ಮಲ್ಲಿ ಸೇನೆಗೆ ಸೇರುವುದು ಇಷ್ಟಪಟ್ಟು. ಕೊಡಗಿನಲ್ಲಿ ಮನೆಗೊಬ್ಬ ಯೋಧ ಇದ್ದರೆ ಅದು ಹೆಮ್ಮೆಯ ವಿಷಯ, ಬೆಂಗಳೂರಿನ ಹುಡುಗ ಸೇರದಿದ್ದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಅಲ್ಲಿ ಹಾಗಲ್ಲ. ಕಾಲೇಜು ಅರ್ಧಕ್ಕೆ ನಿಲ್ಲಿಸಿ ಹೋಗಬೇಕು, ಪ್ರೀತಿಸಿದ ಹುಡುಗಿ ಕಾಯುತ್ತಾಳೋ ಇಲ್ಲವೋ ಅನ್ನುವ ಚಿಂತೆ ಬೇರೆ. ಶ್ರೀಮಂತನ ಮಗ ತಪ್ಪಿಸಿಕೊಂಡ ಅಂದರೆ ತಾನು ಕಳೆದುಕೊಂಡ ಎರಡು ವರ್ಷದ ಲೆಕ್ಕ ತಲೆಯಲ್ಲಿ ಓಡುತ್ತದೆ.

ಅಮೆರಿಕದ ಪೌರತ್ವ ತಗೊಂಡ್ರೆ ಅದರಲ್ಲೇನು ತಪ್ಪು? ನಮ್ಮವರು ಸಾವಿರಾರು ಜನ ತಗೊಂಡಿದ್ದಾರಲ್ಲ

ಕಾನೂನಿನ ಪ್ರಕಾರ ತಪ್ಪಿಲ್ಲ, ಅದು ಅವರ ಹಕ್ಕು. ಈ ವಿಷಯದಲ್ಲಿ ಎರಡು ದೇಶದ ಕಾನೂನೂ ಒಂದೇ ತರಹ. ಭಾರತದವರು ಇಷ್ಟಪಟ್ಟು ಬೇರೆ ದೇಶದ ಪ್ರಜೆಯಾದರೆ ಇಲ್ಲಿನ ಪೌರತ್ವ ಹೋಗುತ್ತದೆ, ಕೊರಿಯಾದವರಿಗೂ ಹಾಗೇ. ಪೌರತ್ವ ಹೋದರೆ ಸೇನೆಯ ಕರೆಯೂ ಹೋಯಿತು. ಅಮೆರಿಕದಲ್ಲಿರುವ ನಮ್ಮ ಕನ್ನಡಿಗರು ಒಸಿಐ ಕಾರ್ಡ್ ಮಾಡಿಸಿಕೊಂಡು ಬಂದು ಹೋಗಿ ಮಾಡುತ್ತಾರಲ್ಲ, ಕೊರಿಯಾ ಮೂಲದವರಿಗೆ ಅಂಥದ್ದೇ ಎಫ್-4 ಅನ್ನುವ ವೀಸಾ ಇದೆ. ಈ ಎಫ್-4 ಹೆಸರು ಮುಂದೆ ಮತ್ತೆ ಬರುತ್ತದೆ.

ತಪ್ಪು ಅನಿಸಿದ್ದು ಪೌರತ್ವ ತೆಗೆದುಕೊಂಡ ಹೊತ್ತು. ಕರೆ ಬರುವ ಮೊದಲೇ, ಡೆಬ್ಯೂ ಮಾಡುವ ಮೊದಲೇ ತೆಗೆದುಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ.

## 2002ರಲ್ಲಿ ನಡೆದಿದ್ದು

ಏರ್‌ಪೋರ್ಟಿಂದಲೇ ವಾಪಸ್ ಕಳಿಸಿದ್ರು ಅಂತಾರೆ. ಸ್ವಲ್ಪ ಬಿಡಿಸಿ ಹೇಳಿ

2001ರಲ್ಲಿ ವೈದ್ಯಕೀಯ ಪರೀಕ್ಷೆ ಆಯಿತು. ಬೆನ್ನಿನ ಡಿಸ್ಕ್ ಆಪರೇಷನ್ ಆಗಿತ್ತು. ಹಾಗಾಗಿ ಯುದ್ಧದ ಕೆಲಸ ಬೇಡ, ಸಾರ್ವಜನಿಕ ಸೇವೆ ಸಾಕು ಅಂತ ತೀರ್ಮಾನ ಬಂತು. ಕರೆ ಬಂದವರು ದೇಶ ಬಿಡಬೇಕಾದರೆ ಸೇನಾ ಭರ್ತಿ ಇಲಾಖೆಯ ಅನುಮತಿ ಬೇಕು. ಜಪಾನಿನಲ್ಲಿ ಕಾರ್ಯಕ್ರಮ ಇದೆ, ಅಮೆರಿಕದಲ್ಲಿ ಮನೆಯವರನ್ನು ನೋಡಿ ಬರುತ್ತೇನೆ ಅಂತ ಹೇಳಿ ಅನುಮತಿ ಪಡೆದರು. 2002ರ ಜನವರಿ 18ರಂದು ಲಾಸ್ ಏಂಜಲೀಸ್‌ನಲ್ಲಿ ಅಮೆರಿಕದ ಪ್ರಜೆಯಾಗಿ ಪ್ರಮಾಣ ಮಾಡಿದರು.

ಸುದ್ದಿ ಸೋಲ್ ಮುಟ್ಟಿದಾಗ ಜನ ಮೊದಲು ನಂಬಲಿಲ್ಲ. ನಂಬಿದ ಮೇಲೆ ಕೆಂಡವಾದರು. ಸೇನಾ ಭರ್ತಿ ಇಲಾಖೆ ಕಾನೂನು ಸಚಿವಾಲಯಕ್ಕೆ ಬರೆಯಿತು, ಫೆಬ್ರವರಿ 1ಕ್ಕೆ ಪ್ರವೇಶ ನಿಷೇಧ ಆಯಿತು. ಮರುದಿನವೇ, ಫೆಬ್ರವರಿ 2ರಂದು, ಯೂ ಇಂಚೋನ್ ವಿಮಾನ ನಿಲ್ದಾಣದಲ್ಲಿ ಇಳಿದರು. ಜನರ ಮುಂದೆ ನಿಂತು ವಿವರಿಸಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದರು ಅನಿಸುತ್ತದೆ. ಇಮಿಗ್ರೇಷನ್ ಗೆರೆ ದಾಟಲಿಲ್ಲ. ಕೆಲವು ಗಂಟೆ ಅಲ್ಲೇ ಕೂರಿಸಿ ಅಮೆರಿಕದ ವಿಮಾನ ಹತ್ತಿಸಿದರು. ಹೊರಗೆ ಟಿವಿ ಕ್ಯಾಮೆರಾಗಳು ಕಾಯುತ್ತಿದ್ದವು. ಒಬ್ಬ ಪಾಪ್ ಗಾಯಕನನ್ನು ತಡೆಯಲು ಬಳಸಿದ್ದು ದೇಶದ ಹಿತಕ್ಕೆ, ಸಾರ್ವಜನಿಕ ಸುರಕ್ಷತೆಗೆ ಧಕ್ಕೆ ತರುವವರನ್ನು ತಡೆಯುವ ಕಲಮು. ಆ ನಿಷೇಧಕ್ಕೆ ಕೊನೆಯ ತಾರೀಖೇ ಇರಲಿಲ್ಲ.

ತಪ್ಪಿಸಿಕೊಂಡವರು ಇನ್ನೂ ಎಷ್ಟೋ ಜನ ಇದ್ದಾರೆ. ಇವರೊಬ್ಬರ ಮೇಲೇ ಯಾಕೆ ಇಷ್ಟು ದ್ವೇಷ?

ಒಂದೇ ಕಾರಣ ಇಲ್ಲ. ಮೊದಲನೆಯದು ಕೊಟ್ಟ ಮಾತು. ಬೇರೆಯವರು ಸದ್ದಿಲ್ಲದೆ ಜಾರಿಕೊಂಡರು. ಇವರು ಹೋಗಿಯೇ ಹೋಗುತ್ತೇನೆ ಅಂತ ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು. ಆ ಒಳ್ಳೆಯ ಹೆಸರಿನ ಮೇಲೆಯೇ ಜಾಹೀರಾತುಗಳು ಬಂದಿದ್ದವು. ಹಾಗಾಗಿ ಜನರಿಗೆ ಇದು ಕಾನೂನು ತಪ್ಪಿಸಿದ ಸಂಗತಿಗಿಂತ ತಮಗೇ ಮಾಡಿದ ಮೋಸ ಅನಿಸಿತು. ತುಂಟ ಅಂತ ಹೆಸರಾದ ಗಾಯಕನೊಬ್ಬ ಇದನ್ನೇ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಎರಡನೆಯದು ಆ ವರ್ಷ. 2002 ಚುನಾವಣೆಯ ವರ್ಷ. 1997ರ ಅಧ್ಯಕ್ಷೀಯ ಚುನಾವಣೆಯಲ್ಲಿ ಸೋತಿದ್ದ ಲೀ ಹೋಯ್-ಚಾಂಗ್ ಮತ್ತೆ ಕಣದಲ್ಲಿದ್ದರು. ಅವರ ಇಬ್ಬರು ಗಂಡು ಮಕ್ಕಳೂ ತೂಕ ಕಮ್ಮಿ ಅನ್ನುವ ಕಾರಣಕ್ಕೆ ಸೇನೆ ತಪ್ಪಿಸಿಕೊಂಡಿದ್ದು ಎರಡೂ ಚುನಾವಣೆಗಳಲ್ಲಿ ದೊಡ್ಡ ಗಲಾಟೆ ಆಯಿತು. ದೊಡ್ಡವರ ಮಕ್ಕಳಿಗೆ ಒಂದು ನ್ಯಾಯ, ನಮಗೊಂದು ನ್ಯಾಯ ಅಂತ ಜನ ಮೊದಲೇ ಕುದಿಯುತ್ತಿದ್ದರು. ಅದೇ ವರ್ಷದ ಜೂನ್ 29ರಂದು ಹಳದಿ ಸಮುದ್ರದಲ್ಲಿ ಉತ್ತರ ಕೊರಿಯಾ ಹಡಗುಗಳ ಜೊತೆ ನಡೆದ ಕಾದಾಟದಲ್ಲಿ ಆರು ನಾವಿಕರು ಸತ್ತರು. ಅಂಥ ಹೊತ್ತಲ್ಲಿ ಯಾವ ಮಂತ್ರಿ ತಾನೇ ಯೂ ಪರ ಬಾಯಿ ಬಿಡುತ್ತಾನೆ?

ಬಂದೂಕು ಹಿಡಿಯೋದೂ ಇರಲಿಲ್ಲ, ಆಫೀಸ್ ಕೆಲಸ ಅಷ್ಟೇ ಅಂತೆ. ಅದನ್ನಾದ್ರೂ ಮಾಡಬಹುದಿತ್ತಲ್ವಾ?

ಕೊರಿಯಾದವರೂ ಇದನ್ನೇ ಕೇಳುತ್ತಾರೆ, ಇನ್ನೂ ಖಾರವಾಗಿ. ಸೋಲ್‌ನಲ್ಲೇ ಕೆಲಸ, ಸಂಜೆ ಮನೆಗೆ ಬರಬಹುದು. ಆದರೆ ಅವಧಿ ಎರಡು ವರ್ಷಕ್ಕೂ ಮೇಲೆ. ಸೇವೆ ಮುಗಿಸುವಷ್ಟರಲ್ಲಿ ಮೂವತ್ತು ಹತ್ತಿರ ಬರುತ್ತದೆ, ಡ್ಯಾನ್ಸ್ ಗಾಯಕನ ಕಥೆ ಅಲ್ಲಿಗೆ ಮುಗಿದಂತೆ ಅನ್ನುವ ಹೆದರಿಕೆ ಇತ್ತು. ಮನೆಯವರು, ಅದರಲ್ಲೂ ತಂದೆ, ಅಮೆರಿಕದಲ್ಲೇ ನೆಲೆಸು ಅಂತ ಒತ್ತಾಯ ಮಾಡಿದರು ಅಂತ ಯೂ ಆಮೇಲೆ ಹೇಳಿಕೊಂಡಿದ್ದಾರೆ. ಹೆದರಿಕೆ ಸುಳ್ಳಲ್ಲ. ಆಗ ಸೇನೆಗೆ ಹೋಗಿ ಬಂದ ಮೇಲೂ ಮೊದಲಿನಷ್ಟೇ ಮೆರೆದ ಡ್ಯಾನ್ಸ್ ಗಾಯಕರು ತೀರಾ ಕಮ್ಮಿ. ಎರಡು ವರ್ಷ ಉಳಿಸಲು ಹೋಗಿ ಇಡೀ ಬದುಕಿನ ವೇದಿಕೆ ಕಳೆದುಕೊಂಡರು.

## ವಾಪಸ್ ಬರುವ ಪ್ರಯತ್ನಗಳು

ಆಮೇಲೆ ಜೀವನಕ್ಕೆ ಏನು ಮಾಡ್ತಿದ್ರು?

ಚೀನಾ ಕೈಹಿಡಿಯಿತು. 2008ರಲ್ಲಿ ಜಾಕಿ ಚಾನ್ ಅವರ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಸಿನಿಮಾ, ಧಾರಾವಾಹಿಗಳಲ್ಲಿ ನಟಿಸಿದರು. ಜಾಕಿ ಚಾನ್ ಸಿನಿಮಾಗಳಲ್ಲೂ ಅವರನ್ನು ಕಾಣಬಹುದು. 2007ರಲ್ಲಿ ಒಂದು ಆಲ್ಬಮ್ ಬಂತು, ಆದರೆ ದೇಶಕ್ಕೇ ಬರಲಾಗದವರು ಅದನ್ನು ಯಾವ ವೇದಿಕೆಯಲ್ಲಿ ಹಾಡುತ್ತಾರೆ? ಅದಕ್ಕೂ ಮೊದಲು, 2003ರಲ್ಲಿ, ಮದುವೆ ನಿಶ್ಚಯವಾಗಿದ್ದ ಹುಡುಗಿಯ ತಂದೆ ತೀರಿಕೊಂಡಾಗ ಮಾತ್ರ ಮೂರು ದಿನದ ಮಟ್ಟಿಗೆ ಒಳಗೆ ಬಿಟ್ಟಿದ್ದರು. ನಾನು ಮೇಲೆ ಹೇಳಿದ ಮೂರು ದಿನ ಅದೇ.

2015ರಲ್ಲಿ ಮಂಡಿಯೂರಿ ಕ್ಷಮೆ ಕೇಳಿದ್ರಲ್ಲ. ಜನರ ಮನಸ್ಸು ಕರಗಲಿಲ್ವಾ?

ಮೇ 19, 2015. ಹಾಂಗ್‌ಕಾಂಗ್‌ನಿಂದ ಆಫ್ರಿಕಾ ಟಿವಿ ಅನ್ನುವ ಕೊರಿಯಾದ ಆನ್‌ಲೈನ್ ಚಾನೆಲ್‌ನಲ್ಲಿ ನೇರ ಪ್ರಸಾರ. ಆಫ್ರಿಕಾ ಖಂಡಕ್ಕೂ ಅದಕ್ಕೂ ಸಂಬಂಧವಿಲ್ಲ, ಬರೀ ಹೆಸರು ಅಷ್ಟೇ. ಯೂ ತೆರೆಯ ಮೇಲೆ ಬಂದವರೇ ತಲೆಬಾಗಿ ಮಂಡಿಯೂರಿದರು, ಅತ್ತರು, ಈಗಲಾದರೂ ಸರಿ ಸೇನೆಗೆ ಸೇರಲು ಸಿದ್ಧ ಅಂದರು. ವಯಸ್ಸು 38. ಸೇನಾ ಭರ್ತಿ ಇಲಾಖೆ ಒಂದೇ ಮಾತಲ್ಲಿ ಮುಗಿಸಿತು: ಈತ ವಿದೇಶಿ, ವಯಸ್ಸೂ ಮೀರಿದೆ, ಸೇರಿಸಿಕೊಳ್ಳಲು ಆಗುವುದಿಲ್ಲ.

ಜನ ಲೆಕ್ಕ ಹಾಕಿದ್ದು ಬೇರೆ. ಸೇರಿಸಿಕೊಳ್ಳಲು ಆಗದ ವಯಸ್ಸು ಬಂದ ಮೇಲೆ ಸೇರುತ್ತೇನೆ ಅನ್ನುವುದು ಯಾವ ಸೀಮೆಯ ಪಶ್ಚಾತ್ತಾಪ ಅಂತ ಕೇಳಿದರು. ಕೆಲವೇ ದಿನಗಳಲ್ಲಿ ಎರಡನೇ ಪ್ರಸಾರ ಮಾಡಿದರು. ಅದು ಮುಗಿಯಿತು ಅಂದುಕೊಂಡ ಮೇಲೂ ಮೈಕ್ ಆನ್ ಇತ್ತು. ಒಳಗಿದ್ದ ಯಾರೋ ಬೈಗುಳ ಆಡಿದ್ದು ಹೊರಗೆ ಕೇಳಿಸಿತು. ಬೈದಿದ್ದು ಯೂ ಅಲ್ಲ, ಸಿಬ್ಬಂದಿ ಅಂತ ಸಮಜಾಯಿಷಿ ಬಂತು. ಅದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಎರಡು ಪ್ರಸಾರದ ಕಣ್ಣೀರು ಒಂದು ಮೈಕಿನಿಂದ ನೀರುಪಾಲು.

ಆಲ್ಬಮ್ ಬಿಡುಗಡೆಗೇ ಅಡ್ಡಿ ಬಂತಂತೆ, ನಿಜಾನಾ? ಹಾಡಿಗೆ ವೀಸಾ ಬೇಕಿಲ್ಲವಲ್ಲ

ಹಾಡಿಗೆ ವೀಸಾ ಬೇಡ, ವಿತರಕ ಬೇಕು. 2018ರ ನವೆಂಬರ್‌ನಲ್ಲಿ ಹೊಸ ಆಲ್ಬಮ್ ಬರುತ್ತದೆ ಅಂತ ಸುದ್ದಿಯಾಯಿತು, 'ಅನದರ್ ಡೇ' ಅಂತ ಹೆಸರು. ಹತ್ತು ವರ್ಷಕ್ಕೂ ಮೇಲೆ ಅವರ ಹೊಸ ಆಲ್ಬಮ್ ಬಂದಿರಲಿಲ್ಲ. ಸುದ್ದಿ ಹೊರಬೀಳುತ್ತಿದ್ದ ಹಾಗೇ ಆನ್‌ಲೈನಲ್ಲಿ ಜನ ಮುಗಿಬಿದ್ದರು, ವಿತರಣೆ ಮಾಡಬೇಕಿದ್ದ ಕಂಪನಿ ಕೈತೊಳೆದುಕೊಂಡಿತು. ಸರ್ಕಾರ ಏನೂ ಮಾಡಲಿಲ್ಲ ಇಲ್ಲಿ, ಯಾವ ಕಾನೂನೂ ಅಡ್ಡ ಬರಲಿಲ್ಲ. 2019ರ ಜನವರಿಯಲ್ಲಿ ಅದು ಸದ್ದಿಲ್ಲದೆ ಬಿಡುಗಡೆಯಾಯಿತು, ಸದ್ದಿಲ್ಲದೆ ಹೋಯಿತು.

## ಕೋರ್ಟು ಕಚೇರಿ

ಸುಪ್ರೀಂ ಕೋರ್ಟಲ್ಲೇ ಗೆದ್ರಂತೆ. ಆದ್ರೂ ವೀಸಾ ಕೊಡಲ್ಲ ಅಂದ್ರೆ ಏನರ್ಥ?

ಇದು ಹಾವು ಏಣಿ ಆಟದ ತರಹ ಇದೆ. ನಿಧಾನಕ್ಕೆ ಓದಿ.

2015ರಲ್ಲಿ ಯೂ ಲಾಸ್ ಏಂಜಲೀಸ್‌ನ ಕೊರಿಯಾ ಕಾನ್ಸುಲೇಟ್‌ಗೆ ಎಫ್-4 ಅರ್ಜಿ ಹಾಕಿದರು. ಆಗಿನ ಕಾನೂನಿನಲ್ಲಿ ಸೇನೆ ತಪ್ಪಿಸಿಕೊಳ್ಳಲು ಪೌರತ್ವ ಬಿಟ್ಟವರಿಗೂ 38 ವರ್ಷ ಆದ ಮೇಲೆ ಈ ವೀಸಾ ಕೊಡಬಹುದಿತ್ತು. ಈ ಮಿತಿಯನ್ನು ಆಮೇಲೆ 41ಕ್ಕೆ ಏರಿಸಿದರು. ಕಾನ್ಸುಲೇಟ್ ಇಲ್ಲ ಅಂದಿತು. ಹೇಗೆ ಇಲ್ಲ ಅಂದಿತು ಅನ್ನುವುದೇ ಮುಂದೆ ಮುಖ್ಯವಾಯಿತು: ಯೂ ಅವರ ತಂದೆಗೆ ಫೋನ್ ಮಾಡಿ, 2002ರ ನಿಷೇಧ ಇದೆ, ಆಗುವುದಿಲ್ಲ ಅಂತ ಹೇಳಿ ಫೋನ್ ಇಟ್ಟರು. ಒಂದು ಕಾಗದ ಕೂಡ ಕೊಡಲಿಲ್ಲ.

ಕೇಸು ಹಾಕಿದರು. 2016ರಲ್ಲಿ ಸೋತರು, 2017ರಲ್ಲಿ ಮೇಲ್ಮನವಿಯಲ್ಲೂ ಸೋತರು. 2019ರ ಜುಲೈ 11ರಂದು ಸುಪ್ರೀಂ ಕೋರ್ಟ್ ಅದನ್ನೆಲ್ಲ ತಿರುಗಿಸಿ ಹಾಕಿತು. ಕೋರ್ಟ್ ಹೇಳಿದ್ದರ ಸಾರ ಇಷ್ಟು: ವೀಸಾ ನಿರಾಕರಣೆಯನ್ನು ಬರಹದಲ್ಲಿ ಕೊಡಬೇಕು, ಫೋನಿನಲ್ಲಿ ಹೇಳಿದರೆ ಸಾಲದು. 2002ರ ನಿಷೇಧ ಇಲಾಖೆಯ ಕಂಪ್ಯೂಟರ್‌ನಲ್ಲಿ ಬರೆದಿಟ್ಟ ಒಳಗಿನ ಟಿಪ್ಪಣಿ ಅಷ್ಟೇ, ಅದನ್ನೇ ಕಣ್ಣುಮುಚ್ಚಿ ಒಪ್ಪದೆ ಕಾನ್ಸುಲೇಟ್ ತಾನೇ ತೂಗಿ ನೋಡಬೇಕಿತ್ತು. ತಪ್ಪು ಮಾಡಿ ದೇಶದಿಂದ ಹೊರಹಾಕಿದ ವಿದೇಶಿಯರನ್ನೂ ಸಾಮಾನ್ಯವಾಗಿ ಐದು ವರ್ಷ ತಡೆಯುತ್ತಾರೆ, ಇಲ್ಲಿ 2015ರ ನಿರಾಕರಣೆಯ ಹೊತ್ತಿಗೇ ಹದಿಮೂರು ವರ್ಷ ಕಳೆದಿದ್ದರೂ ಕೊನೆಯೇ ಇಲ್ಲವಲ್ಲ ಅನ್ನುವುದನ್ನೂ ಕೋರ್ಟ್ ಎತ್ತಿ ತೋರಿಸಿತು. 2020ರ ಮಾರ್ಚ್‌ನಲ್ಲಿ ಗೆಲುವು ಅಂತಿಮವಾಯಿತು.

ಇಲ್ಲೇ ಎಲ್ಲರೂ ಎಡವುವುದು. ಕೋರ್ಟ್ 'ವೀಸಾ ಕೊಡಿ' ಅನ್ನಲಿಲ್ಲ, 'ನಿರಾಕರಿಸಿದ ರೀತಿ ಸರಿಯಿಲ್ಲ' ಅಂದಿತು. ಸರಿ, ಕಾನ್ಸುಲೇಟ್ ಈ ಸಲ ಬೇರೆ ಕಾರಣ ಕೊಟ್ಟು, ದೇಶದ ಭದ್ರತೆ, ಸಾರ್ವಜನಿಕ ಶಿಸ್ತು ಅಂತ ಹೇಳಿ, 2020ರ ಜುಲೈನಲ್ಲಿ ಮತ್ತೆ ನಿರಾಕರಿಸಿತು. ಮತ್ತೆ ಕೇಸು. 2022ರಲ್ಲಿ ಸೋಲು, 2023ರ ಜುಲೈನಲ್ಲಿ ಹೈಕೋರ್ಟ್‌ನಲ್ಲಿ ಗೆಲುವು, ನವೆಂಬರ್ 30ಕ್ಕೆ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಯೂ ಮತ್ತೆ ಅರ್ಜಿ ಹಾಕಿದರು. 2024ರ ಜೂನ್‌ನಲ್ಲಿ ಮೂರನೇ ಸಲ ಇಲ್ಲ ಅಂದರು.

ಮೂರನೇ ಕೇಸು ಏನಾಯ್ತು?

2024ರ ಸೆಪ್ಟೆಂಬರ್‌ನಲ್ಲಿ ಹಾಕಿದ ಕೇಸು. 2025ರ ಆಗಸ್ಟ್ 28ರಂದು ಸೋಲ್ ಆಡಳಿತ ನ್ಯಾಯಾಲಯ ಯೂ ಪರ ತೀರ್ಪು ಕೊಟ್ಟಿತು. ಈತ ಒಳಗೆ ಬಂದರೂ ದೇಶಕ್ಕೆ ಕುತ್ತು ಬರುವುದಿಲ್ಲ, ನಮ್ಮ ಜನ ಅಷ್ಟು ಪ್ರಬುದ್ಧರಾಗಿದ್ದಾರೆ ಅನ್ನುವ ಧಾಟಿಯಲ್ಲಿ ತೀರ್ಪು ಇತ್ತು. ಜೊತೆಗೆ, ಯೂ ಆಗ ಮಾಡಿದ್ದು ಸರಿ ಅಂತ ನಾವು ಹೇಳುತ್ತಿಲ್ಲ ಅಂತಲೂ ಸೇರಿಸಿದರು. ಇದು ಕೆಳಹಂತದ ಕೋರ್ಟಿನ ತೀರ್ಪು ಅನ್ನುವುದು ನೆನಪಿರಲಿ. ಮೇಲ್ಮನವಿಗೆ ಜಾಗ ಇದ್ದೇ ಇತ್ತು. ಹಿಂದಿನ ಎರಡು ಸಲ ಸುಪ್ರೀಂ ಕೋರ್ಟ್‌ವರೆಗೆ ಗೆದ್ದು ಬಂದರೂ ಕೈಗೆ ವೀಸಾ ಬರಲಿಲ್ಲ.

ಟೂರಿಸ್ಟ್ ಆಗಿ ಹೋಗಬಹುದಲ್ಲ? ಎಫ್-4 ಬೇಕೇ ಬೇಕು ಅಂತ ಹಠ ಯಾಕೆ? ದುಡ್ಡು ಮಾಡೋಕಾ?

ನಿಷೇಧ ಇರುವವರೆಗೆ ಯಾವ ದಾರಿಯಲ್ಲೂ ಬರುವಂತಿಲ್ಲ. ಆದರೆ ನಿಮ್ಮ ಅನುಮಾನವನ್ನೇ ಕೊರಿಯಾದ ಜನರೂ ಇಟ್ಟುಕೊಂಡಿದ್ದಾರೆ. ಎಫ್-4 ಇದ್ದರೆ ಅಲ್ಲೇ ವರ್ಷಗಟ್ಟಲೆ ಇರಬಹುದು, ದುಡಿಯಬಹುದು, ವೇದಿಕೆ ಹತ್ತಬಹುದು. ಬರೀ ಹುಟ್ಟಿದ ನೆಲ ನೋಡಲು ಬರುವವನಿಗೆ ದುಡಿಯುವ ವೀಸಾ ಯಾಕೆ ಅಂತ ಕುಹಕ ಆಡುತ್ತಾರೆ. ಯೂ ಕಡೆಯ ವಕೀಲರ ವಾದ ಬೇರೆ: ಕೋರ್ಟಿನಲ್ಲಿ ಹೋರಾಡಲು ಕಾನೂನಿನ ಆಧಾರ ಗಟ್ಟಿಯಾಗಿ ಇರುವುದು ಹೊರದೇಶದ ಕೊರಿಯನ್ನರಿಗೆ ಅಂತಲೇ ಇರುವ ಈ ವೀಸಾಕ್ಕೆ. ವಕೀಲರ ಮಾತು ಕಾನೂನಿನ ಲೆಕ್ಕದಲ್ಲಿ ಸರಿ. ಜನರಿಗೆ ಅದು ಕೇಳಿಸುವ ರೀತಿ ಮಾತ್ರ ಕೆಟ್ಟದಾಗಿದೆ. ದುಡಿಯುವ ಆಸೆ ಇದ್ದರೂ ಅದರಲ್ಲಿ ಅಪರಾಧ ಏನು ಅಂತ ನನಗಂತೂ ಗೊತ್ತಾಗಿಲ್ಲ.

ಸರ್ಕಾರಗಳು ಬದಲಾಗ್ತವೆ. ಯಾರಾದ್ರೂ ಒಬ್ಬ ಅಧ್ಯಕ್ಷ ಹೋಗ್ಲಿ ಬಿಡಿ ಅನ್ನಬಹುದಿತ್ತಲ್ಲ?

ಅಂದರೆ ವೋಟು ಹೋಗುತ್ತದೆ, ಬರುವುದು ಏನೂ ಇಲ್ಲ. ನಿಷೇಧ ಹಾಕಿದ್ದು ಕಿಮ್ ಡೇ-ಜುಂಗ್ ಕಾಲದಲ್ಲಿ. ಮೊದಲ ವೀಸಾ ತಿರಸ್ಕಾರ ಪಾರ್ಕ್ ಗ್ಯೂನ್-ಹೇ ಕಾಲದ್ದು, ಎರಡನೆಯದು ಮೂನ್ ಜೇ-ಇನ್ ಕಾಲದ್ದು, ಮೂರನೆಯದು ಯೂನ್ ಸುಕ್-ಯೋಲ್ ಕಾಲದ್ದು. ಎಡ, ಬಲ ಎರಡೂ ಕಡೆಯವರು ಬೇರೆ ಯಾವುದರಲ್ಲೂ ಒಂದಾಗದವರು ಇದರಲ್ಲಿ ಮಾತ್ರ ಒಂದೇ.

ಜನಮತ ನೋಡಿ. 2019ರ ತೀರ್ಪು ಬಂದ ಕೂಡಲೇ ಅಧ್ಯಕ್ಷರ ಕಚೇರಿಯ ವೆಬ್‌ಸೈಟಿನಲ್ಲಿ ಯೂ ಅವರನ್ನು ಬಿಡಬೇಡಿ ಅಂತ ಮನವಿ ಹಾಕಿದರು, ಕೆಲವೇ ದಿನದಲ್ಲಿ 2 ಲಕ್ಷ ಸಹಿ ದಾಟಿತು. ಅದೇ ಹೊತ್ತಿನಲ್ಲಿ ರಿಯಲ್‌ಮೀಟರ್ ಅನ್ನುವ ಸಂಸ್ಥೆ ಮಾಡಿದ ಜನಮತ ಸಮೀಕ್ಷೆಯಲ್ಲಿ ನೂರಕ್ಕೆ ಹೆಚ್ಚುಕಮ್ಮಿ 69 ಜನ ಬೇಡ ಅಂದಿದ್ದರು. 2020ರ ಅಕ್ಟೋಬರ್‌ನಲ್ಲಿ ಸಂಸತ್ತಿನಲ್ಲಿ ಪ್ರಶ್ನೆ ಬಂದಾಗ ಸೇನಾ ಭರ್ತಿ ಇಲಾಖೆಯ ಮುಖ್ಯಸ್ಥರು ಅವರನ್ನು ಕೊರಿಯನ್ ಹೆಸರಿನಿಂದ ಕರೆಯಲೂ ಇಲ್ಲ, ಅಮೆರಿಕದ ಹೆಸರಿನಲ್ಲಿ 'ಸ್ಟೀವ್ ಯೂ' ಅಂದರು.

ಯೂ ಕೂಡ ಸುಮ್ನೆ ಇರಲಿಲ್ಲ. ಅದೇ ಡಿಸೆಂಬರ್‌ನಲ್ಲಿ, ಸೇನೆಯಲ್ಲಿ ಜನರಲ್ ಆಗಿದ್ದ ಸಂಸದರೊಬ್ಬರು ಇಂಥವರು ಬರದಂತೆ ಕಾನೂನನ್ನೇ ಬಿಗಿ ಮಾಡುವ ಮಸೂದೆ ತಂದಾಗ, ಯೂಟ್ಯೂಬಿನಲ್ಲಿ ಕೂತು ದನಿ ಏರಿಸಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು. ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಕೋರ್ಟ್ ತಮ್ಮ ಕಡೆ ವಾಲುತ್ತಿರುವಾಗ ಇದು ಬೇಕಿತ್ತಾ? ಐದು ವರ್ಷದ ಹಿಂದಿನ ಕಣ್ಣೀರು ನಾಟಕ ಅಂದವರಿಗೆ ಸಾಕ್ಷಿ ಕೊಟ್ಟ ಹಾಗಾಯಿತು.

## ಹೋಲಿಸಿ ಕೇಳುವವರಿಗೆ

'ಗಂಗ್ನಮ್ ಸ್ಟೈಲ್' ಹಾಡಿನ ಗಾಯಕ ಸೈ ಕೂಡ ಸೇನೆಯ ವಿಷಯದಲ್ಲಿ ಸಿಕ್ಕಿಬಿದ್ದಿದ್ರಲ್ಲ? ಅವರು ಹೇಗೆ ಪಾರಾದ್ರು?

ಎರಡು ಸಲ ಸೇವೆ ಮಾಡಿ ಪಾರಾದರು. ಸೈ 2003ರಿಂದ 2005ರವರೆಗೆ ಸೇನೆಯ ಬದಲು ಒಂದು ಕಂಪನಿಯಲ್ಲಿ ತಾಂತ್ರಿಕ ಕೆಲಸದ ಮೇಲೆ ಇದ್ದರು. ಕೆಲಸ ಸರಿಯಾಗಿ ಮಾಡಲೇ ಇಲ್ಲ ಅಂತ 2007ರಲ್ಲಿ ತನಿಖೆಯಲ್ಲಿ ಹೊರಬಂತು. ಸರಿ, ಮೊದಲಿನದು ಲೆಕ್ಕಕ್ಕಿಲ್ಲ, ಹೊಸದಾಗಿ ಬಾ ಅಂದರು. ಮದುವೆಯಾಗಿ ಮಕ್ಕಳಿದ್ದ ಮನುಷ್ಯ ಆ ಡಿಸೆಂಬರ್‌ನಲ್ಲಿ ತಲೆ ಬೋಳಿಸಿಕೊಂಡು ಸೇನೆಗೆ ಸೇರಿ 2009ರ ಜುಲೈನಲ್ಲಿ ಹೊರಬಂದರು. ಮೂರು ವರ್ಷ ಕಳೆದು 2012ರ ಜುಲೈನಲ್ಲಿ 'ಗಂಗ್ನಮ್ ಸ್ಟೈಲ್'. ಯೂಗಿಂತ ಒಂದೇ ವರ್ಷ ಚಿಕ್ಕವರು, ಇವರೂ ಅಮೆರಿಕದಲ್ಲಿ ಓದಿದವರು. ಎರಡು ಸಲ ಸೇನೆಗೆ ಹೋದವನು ಅನ್ನುವುದು ಅವರಿಗೆ ಜೋಕು ಮಾಡುವ ವಸ್ತುವಾಯಿತು. ಜನ ಆ ಜೋಕಿಗೆ ನಕ್ಕರು ಅನ್ನುವುದು ದೊಡ್ಡ ಮಾತು.

ಎಂಸಿ ಮಾಂಗ್ ಅನ್ನೋ ಗಾಯಕರೂ ಇದ್ರಲ್ಲ, ಹಲ್ಲು ಕೀಳಿಸಿಕೊಂಡವರು? ಅವರ ಕಮ್‌ಬ್ಯಾಕ್ ಆಯ್ತಲ್ಲ

ಸೇನೆ ತಪ್ಪಿಸಲು ಬೇಕಂತಲೇ ಚೆನ್ನಾಗಿದ್ದ ಹಲ್ಲು ಕೀಳಿಸಿಕೊಂಡರು ಅಂತ 2010ರಲ್ಲಿ ಆರೋಪ ಬಂತು. ಆ ಆರೋಪ ಕೋರ್ಟಿನಲ್ಲಿ ನಿಲ್ಲಲಿಲ್ಲ, ಖುಲಾಸೆ ಆಯಿತು. ಆದರೆ ಸುಳ್ಳು ಕಾರಣ ಕೊಟ್ಟು ಸೇನೆಗೆ ಸೇರುವ ದಿನ ಮುಂದೂಡಿದ್ದಕ್ಕೆ ಅಮಾನತಿನ ಜೈಲು ಶಿಕ್ಷೆ ಆಯಿತು, ಅಂದರೆ ಒಳಗೆ ಹೋಗಬೇಕಿಲ್ಲ. 2014ರ ನವೆಂಬರ್‌ನಲ್ಲಿ ಆಲ್ಬಮ್ ತಂದರು. ಅಂದು ನಡೆದಿದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಒಂದು ಕಡೆ ಅವರ ಹಾಡುಗಳು ಚಾರ್ಟಿನ ಮೇಲೆ ಏರಿದವು. ಇನ್ನೊಂದು ಕಡೆ ವಿರೋಧಿಗಳೆಲ್ಲ ಸೇರಿ ಸೇನೆಯಲ್ಲಿ ಹಾಡಿಸುವ ಒಂದು ಹಳೇ ಕವಾಯತು ಗೀತೆಯನ್ನು ಹುಡುಕಿ ಹುಡುಕಿ ಕೇಳಿ ಅದನ್ನೂ ಮೇಲಕ್ಕೆ ಏರಿಸಿದರು. ಒಟ್ಟಿನಲ್ಲಿ ಹಾಡು ಗೆದ್ದಿತು, ಮನುಷ್ಯ ಮಾತ್ರ ಟಿವಿಗೆ ದೂರವೇ ಉಳಿದರು. ಆದರೂ ಅವರಿಗೆ ದೇಶದ ಬಾಗಿಲು ತೆರೆದೇ ಇತ್ತು.

ಬಿಟಿಎಸ್‌ನವರು ಸುಮ್ನೆ ಹೋಗಿದ್ದಕ್ಕೂ ಇದಕ್ಕೂ ಸಂಬಂಧ ಇದೆಯಾ?

ನೇರ ಸಂಬಂಧ ಇಲ್ಲ, ನೆರಳು ಇದೆ. ಒಲಿಂಪಿಕ್ಸ್ ಪದಕ, ಏಷ್ಯನ್ ಗೇಮ್ಸ್ ಚಿನ್ನ, ಶಾಸ್ತ್ರೀಯ ಸಂಗೀತದ ದೊಡ್ಡ ಸ್ಪರ್ಧೆ ಗೆದ್ದವರಿಗೆ ಪೂರ್ಣ ಸೇವೆಯಿಂದ ವಿನಾಯಿತಿ ಉಂಟು. ಫುಟ್‌ಬಾಲ್ ಆಟಗಾರ ಸನ್ ಹ್ಯುಂಗ್-ಮಿನ್ 2018ರ ಏಷ್ಯನ್ ಗೇಮ್ಸ್ ಚಿನ್ನದಿಂದ ಹಾಗೆ ಪಾರಾದರು. ಪಾಪ್ ಗಾಯಕರಿಗೆ ಇಲ್ಲ. 2020ರ ಡಿಸೆಂಬರ್‌ನಲ್ಲಿ 30 ವರ್ಷದವರೆಗೆ ಮುಂದೂಡಲು ಅವಕಾಶ ಕೊಟ್ಟರು, ಅಷ್ಟೇ. ಪೂರ್ತಿ ವಿನಾಯಿತಿ ಕೊಡಬೇಕಾ ಬೇಡವಾ ಅಂತ ವರ್ಷಗಟ್ಟಲೆ ಚರ್ಚೆ ಎಳೆದಾಡುತ್ತಿರುವಾಗ ಬಿಟಿಎಸ್‌ನ ಜಿನ್ 2022ರ ಡಿಸೆಂಬರ್ 13ರಂದು ಹೋಗಿಯೇಬಿಟ್ಟರು. 2025ರ ಜೂನ್ ಹೊತ್ತಿಗೆ ಏಳೂ ಜನ ಮುಗಿಸಿದರು. ಆ ಚರ್ಚೆಯಲ್ಲಿ ಯೂ ಹೆಸರು ಬರದ ದಿನ ಇರಲಿಲ್ಲ. ಈಗಿನ ಯಾವ ಕಂಪನಿಯೂ ತನ್ನ ಹುಡುಗನ ಬಾಯಲ್ಲಿ ಸೇನೆಯ ಬಗ್ಗೆ ತೂಗಿ ಅಳೆಯದ ಒಂದು ಮಾತೂ ಆಡಿಸುವುದಿಲ್ಲ.

ನಿಮ್ಮ ಪ್ರಕಾರ ಅವರನ್ನ ಒಳಗೆ ಬಿಡಬೇಕಾ?

ಬಿಡಬೇಕು. ಮಾತು ತಪ್ಪಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾತು ತಪ್ಪಿದ್ದಕ್ಕೆ ಕೊಡಬೇಕಾದ ಶಿಕ್ಷೆಯನ್ನು ಜನ ಕೊಟ್ಟಾಗಿದೆ: ಹಾಡು ಕೇಳುವುದು ಬಿಟ್ಟರು, ಜಾಹೀರಾತು ಹೋಯಿತು, ವಿತರಕ ಓಡಿಹೋದ. ಸರ್ಕಾರ ಅದರ ಮೇಲೆ ಕೊನೆಯಿಲ್ಲದ ನಿಷೇಧ ಹಾಕಿ, ಕೋರ್ಟ್ ತಪ್ಪು ಅಂದಾಗಲೆಲ್ಲ ಕಾರಣ ಬದಲಿಸಿ ಮತ್ತೆ ಅದನ್ನೇ ಮಾಡುವುದು ಹಠ ಆಗುತ್ತದೆ, ನ್ಯಾಯ ಆಗುವುದಿಲ್ಲ. ಒಬ್ಬ ಗಾಯಕ ಇಳಿದರೆ ಅಲುಗಾಡುವಷ್ಟು ಆ ಸೇನೆ ದುರ್ಬಲವಾಗಿಲ್ಲ ಅಲ್ವಾ. ಮಗನನ್ನು ಗಡಿಗೆ ಕಳಿಸಿ ರಾತ್ರಿಯಿಡೀ ನಿದ್ದೆಗೆಟ್ಟ ತಾಯಿಗೆ ಈ ಮಾತು ಹೇಳಿ ಒಪ್ಪಿಸಲು ನನ್ನಿಂದ ಆಗಲಿಕ್ಕಿಲ್ಲ, ಅದೂ ಗೊತ್ತು.

ವೀಸಾ ಸಿಕ್ಕಿಬಿಟ್ರೆ ಕಮ್‌ಬ್ಯಾಕ್ ಗ್ಯಾರಂಟಿನಾ?

ಇಲ್ಲ. ಮೊದಲು ವೀಸಾ ಬೇರೆ, ಪ್ರವೇಶ ನಿಷೇಧ ಬೇರೆ. ವೀಸಾ ಕೊಟ್ಟರೂ ನಿಷೇಧ ತೆಗೆಯದಿದ್ದರೆ ಇಂಚೋನ್‌ನಲ್ಲಿ ಮತ್ತೆ ಅದೇ ಕುರ್ಚಿ. ಎರಡೂ ಸರಿಹೋಯಿತು ಅಂತ ಇಟ್ಟುಕೊಳ್ಳಿ. ದೊಡ್ಡ ಚಾನೆಲ್‌ಗಳು ಕರೆಯುವುದು ಅನುಮಾನ, ಜಾಹೀರಾತಿನವರಂತೂ ದೂರದಿಂದಲೇ ನಮಸ್ಕಾರ. ಯೂಗೆ ಈಗ ಐವತ್ತರ ಆಸುಪಾಸು. ತೊಂಬತ್ತರ ದಶಕದಲ್ಲಿ ಶಾಲಾ ಬ್ಯಾಗಿನೊಳಗೆ ಅವರ ಕ್ಯಾಸೆಟ್ ಇಟ್ಟುಕೊಂಡಿದ್ದವರಿಗೆ ಈಗ ನಲವತ್ತು ದಾಟಿದೆ. ಅವರಲ್ಲಿ ಗಂಡಸರು ಸೇನೆ ಮುಗಿಸಿ ಬಂದವರು, ಈಗ ಅವರ ಮಕ್ಕಳಿಗೆ ಕರೆ ಬರುವ ಕಾಲ. ಸಣ್ಣ ಸಭಾಂಗಣ ಬಾಡಿಗೆ ಹಿಡಿದು ಹಳೆಯ ಹಾಡು ಹಾಡಿದರೆ ಟಿಕೆಟ್ ಖಾಲಿಯಾಗಬಹುದು, ಹೊರಗೆ ಪ್ರತಿಭಟನೆಯ ಫಲಕವೂ ಇರಬಹುದು. ಅದನ್ನು ಕಮ್‌ಬ್ಯಾಕ್ ಅಂತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು. ಯೂಟ್ಯೂಬಿನಲ್ಲಿ 'ನಾ ನಾ ನಾ' ಇದೆ. ಒಮ್ಮೆ ಕೇಳಿ, ಕಾಲು ಕುಣಿಯುತ್ತದೆ.